ಪುಡಿಗಿಂತ ಶುಚಿ ಮೇಲು

ಲೋಹದ ಧೂಳೇಳುವ ಕಾರ್ಖಾನೆಯಲ್ಲಿ ರಾಸಾಯನಿಕ ಪುಡಿಯ ಸಿಲಿಂಡರುಗಳನ್ನು ಜೋಡಿಸಿದರೆ ಸಾಕು, ಸ್ಫೋಟದ ಭಯವಿಲ್ಲ ಎಂಬ ಮಾತು ಎಂಜಿನಿಯರುಗಳಾಗಿರುವ ನನ್ನ ಶಿಷ್ಯರ ಬಾಯಲ್ಲೂ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ.

ಪುಡಿಯ ಗುಣವನ್ನು ಅಲ್ಲಗಳೆಯುತ್ತಿಲ್ಲ. ಒತ್ತಡ ಏರತೊಡಗಿದೊಡನೆ ಸಂವೇದಕವು ಅದನ್ನು ಗ್ರಹಿಸುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಸೋಡಿಯಂ ಬೈಕಾರ್ಬೊನೇಟಿನಂತಹ ಪುಡಿ ಚಿಮ್ಮಿ ಜ್ವಾಲೆಯ ಶಾಖವನ್ನು ಹೀರುತ್ತದೆ. ಹಿಟ್ಟು, ಸಕ್ಕರೆಗಳ ಧೂಳಿಗೆ ಇದು ಒಳ್ಳೆಯ ಉಪಾಯ. ಲೋಹದ ಜಾತಿಯೇ ಬೇರೆ. ಉರಿಯುವ ಮೆಗ್ನೀಸಿಯಂ ಪಟ್ಟಿಯನ್ನು ಇಂಗಾಲದ ಡೈಆಕ್ಸೈಡ್ ತುಂಬಿದ ಜಾಡಿಗೆ ಇಳಿಸಿದರೂ ಅದು ಆರದೆ, ಕರಿಯ ಇಂಗಾಲವನ್ನುಳಿಸಿ ಉರಿದುದನ್ನು ನೀವೆಲ್ಲ ತರಗತಿಯಲ್ಲಿ ಕಂಡವರೇ. ಬೈಕಾರ್ಬೊನೇಟು ಕಾದಾಗ ಬಿಡುವುದೂ ಅದೇ ಅನಿಲವನ್ನು, ಜೊತೆಗೆ ನೀರಾವಿಯನ್ನು. ಅಲ್ಯೂಮಿನಿಯಂ ಧೂಳಿನ ಉಗ್ರ ಜ್ವಾಲೆಯನ್ನು ತಡೆಯಲು ಪುಡಿ ಹೆಚ್ಚೂ ಬೇಕು, ಬೇಗವೂ ಬೇಕು. ಅಲ್ಲದೆ ಪುಡಿ ಕಾಯುವುದು ಮುಚ್ಚಿದ ಯಂತ್ರ, ಕೊಳವೆಗಳನ್ನು. ಜನರು ದುಡಿಯುವ ಇಡೀ ಅಂಗಳವನ್ನಲ್ಲ.

2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರಗಳಿಗೆ ಹೊಳಪು ಕೊಡುವ ಕಾರ್ಖಾನೆ ಸಿಡಿಯಿತು. ಕಡೆಗೆ ಸತ್ತವರು 146 ಮಂದಿ. ತನಿಖೆ ಕಂಡುದೇನು? ಧೂಳು ಹೀರುವ ವ್ಯವಸ್ಥೆಯನ್ನು ಸಕಾಲದಲ್ಲಿ ಶುಚಿಗೊಳಿಸಿರಲಿಲ್ಲ. ಶೇಖರವಾಗಿದ್ದ ಅಲ್ಯೂಮಿನಿಯಂ ಧೂಳು ತೇವಗೊಂಡು, ತಾನೇ ಕಾದು ಹೊತ್ತಿಕೊಂಡಿತು.

ದಿನವೂ ಧೂಳು ತೆಗೆಸುವ ಕೂಲಿಯನ್ನು ಉಳಿಸಲೆಂದು ಪುಡಿ ಕೊಳ್ಳುವವನು ಕಾರ್ಮಿಕನ ಪ್ರಾಣವನ್ನು ಪಣಕ್ಕಿಟ್ಟವನು. ಶಿಷ್ಯರೇ, ನಿಮ್ಮ ಅಧಿಕಾರವಿರುವೆಡೆ ಮೊದಲು ಧೂಳು ತೆಗೆಸಿರಿ. ಪುಡಿಯ ಮಾತು ಆಮೇಲೆ.