ಜನರೇ ಇಲ್ಲದ ಗುಡ್ಡಕ್ಕೆ ಇಬ್ಬರು ಎಂಪಿ, ಜನ ಇರುವ ವಾರ್ಡಿಗೆ ಹರಾಜು

ಇಂಗ್ಲೆಂಡಿನ ದಕ್ಷಿಣಕ್ಕೆ ವಿಲ್ಟ್‌ಶೈರ್ ಅಂತ ಒಂದು ಜಿಲ್ಲೆ. ಅಲ್ಲಿನ ಸಾಲ್ಸ್‌ಬರಿ ಪಟ್ಟಣದಿಂದ ಮೂರು ಕಿಲೋಮೀಟರ್ ಆಚೆ ಒಂದು ಹುಲ್ಲುಗುಡ್ಡ ಇದೆ. ಹೆಸರು ಓಲ್ಡ್ ಸೇರಮ್. ಇವತ್ತು ಹೋದರೆ ಹಳೇ ಕೋಟೆಯ ಕಂದಕ, ಮುರಿದ ಗೋಡೆ, ಯಾವ ಕಾಲದ್ದೋ ಚರ್ಚಿನ ಅಡಿಪಾಯ ಕಾಣುತ್ತದೆ. ಇನ್ನೂರು ವರ್ಷದ ಹಿಂದೆ ಹೋಗಿದ್ದರೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತಿತ್ತು. ಹುಲ್ಲು, ಕಲ್ಲು, ಪಕ್ಕದಲ್ಲಿ ಉತ್ತ ಹೊಲ. ಆದರೆ ಆಗ ಆ ಗುಡ್ಡ ಬ್ರಿಟಿಷ್ ಪಾರ್ಲಿಮೆಂಟಿಗೆ ಇಬ್ಬರು ಎಂಪಿಗಳನ್ನು ಕಳಿಸುತ್ತಿತ್ತು.

ಅದೇ ಹೊತ್ತಿಗೆ ಹತ್ತಿ ಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಇದ್ದರು. ಆ ಊರಿಗೆ ತನ್ನದೇ ಅಂತ ಒಬ್ಬ ಎಂಪಿಯೂ ಇರಲಿಲ್ಲ. ಬರ್ಮಿಂಗ್‌ಹ್ಯಾಮಿಗೂ ಇಲ್ಲ, ಲೀಡ್ಸಿಗೂ ಇಲ್ಲ.

ಈ ಹಳೇ ಕಥೆ ಈಗ್ಯಾಕೆ ಅಂತೀರಾ? 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಮೆಂಬರ್ ಸೀಟುಗಳನ್ನು ಹರಾಜು ಕೂಗಿದ ಸುದ್ದಿ ಹಲವು ಕಡೆಯಿಂದ ಬಂದಿತ್ತು. ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅದಾದ ಮೇಲೂ "ಅದರಲ್ಲಿ ತಪ್ಪೇನಿದೆ ಸ್ವಾಮಿ, ದುಡ್ಡು ದೇವಸ್ಥಾನಕ್ಕೇ ತಾನೇ ಹೋಗಿದ್ದು?" ಅನ್ನುವ ಮಾತನ್ನು ನಾವು ಊರೂರಲ್ಲಿ ಕೇಳುತ್ತಿದ್ದೇವೆ. ಓದಿದವರ ಬಾಯಲ್ಲೂ ಕೇಳಿದ್ದೇವೆ. ಹಾಗಾಗಿ ಈ ಕೆಲಸದಲ್ಲಿ ನಮಗಿಂತ ಬಹಳ ಹಳಬರಾದ ಇಂಗ್ಲೆಂಡಿನವರು ಏನು ಮಾಡಿದರು, ಅದರ ಬಿಲ್ಲು ಯಾರ ತಲೆಗೆ ಬಂತು ಅಂತ ಬರೆಯೋಣ ಅನ್ನಿಸಿತು. ಆ ಬಿಲ್ಲಿನಲ್ಲಿ ನಮ್ಮ ಕಡೆಯ ಹೆಸರೂ ಇದೆ.

ಓಲ್ಡ್ ಸೇರಮ್ ಒಂದು ಕಾಲಕ್ಕೆ ನಿಜವಾದ ಊರೇ. ಗುಡ್ಡದ ಮೇಲೆ ಕೋಟೆ, ದೊಡ್ಡ ಚರ್ಚು, ಸೈನಿಕರು, ಪಾದ್ರಿಗಳು ಎಲ್ಲ ಇದ್ದರು. ಗಾಳಿ ಜಾಸ್ತಿ, ನೀರು ಕಡಿಮೆ, ಸೈನಿಕರಿಗೂ ಪಾದ್ರಿಗಳಿಗೂ ದಿನಾ ಕಿತ್ತಾಟ. ಕೊನೆಗೆ 1220ರಲ್ಲಿ ಕೆಳಗೆ ನದಿ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಹಾಕಿದರು. ಜನರೂ ಒಬ್ಬೊಬ್ಬರಾಗಿ ಕೆಳಗಿಳಿದರು. ಹಾಗೆ ಬೆಳೆದದ್ದೇ ಇವತ್ತಿನ ಸಾಲ್ಸ್‌ಬರಿ. ಅದಕ್ಕೆ ಬೇರೆ ಇಬ್ಬರು ಎಂಪಿಗಳು ಸಿಕ್ಕರು. ಮೇಲಿನ ಊರು ಖಾಲಿಯಾಯಿತು, ಕಲ್ಲುಗಳನ್ನೂ ಕಿತ್ತು ಸಾಗಿಸಿದರು. ಆದರೆ ಊರಿನ ಹೆಸರಿಗಿದ್ದ ಎರಡು ಸೀಟುಗಳನ್ನು ಯಾರೂ ಕೀಳಲಿಲ್ಲ. 1832ರವರೆಗೂ ಅವು ಉಳಿದವು.

ಊರಲ್ಲಿ ಜನ ಇಲ್ಲದಿದ್ದರೆ ವೋಟು ಹಾಕುವವರು ಯಾರು? ಅಲ್ಲಿ ವೋಟು ಮನುಷ್ಯನಿಗೆ ಇರಲಿಲ್ಲ, ಜಾಗಕ್ಕೆ ಇತ್ತು. ಹಿಂದೆ ಮನೆಗಳಿದ್ದ ಕೆಲವು ನಿವೇಶನದ ತುಂಡುಗಳಿದ್ದವು. ಆ ತುಂಡು ಯಾರ ಹೆಸರಲ್ಲಿದೆಯೋ ಅವರಿಗೆ ವೋಟು. ನಮ್ಮ ಪಹಣಿಯಲ್ಲಿ ಮಣ್ಣು, ಬೆಳೆ, ನೀರಾವರಿ ಅಂತ ಕಾಲಂ ಇರುತ್ತದಲ್ಲ, ಅದರ ಜೊತೆ "ಎಂಪಿ ಆರಿಸುವ ಹಕ್ಕು" ಅಂತ ಇನ್ನೊಂದು ಕಾಲಂ ಇದ್ದ ಹಾಗೆ. ಕೊನೆಗಾಲದಲ್ಲಿ ಅಂಥ ಮತದಾರರ ಸಂಖ್ಯೆ ಏಳರಿಂದ ಹನ್ನೊಂದು. ಒಬ್ಬರೂ ಅಲ್ಲಿ ವಾಸ ಇರಲಿಲ್ಲ. ಜಮೀನು ಒಬ್ಬ ಧಣಿಯದು. ಅವನು ನಂಬಿಕಸ್ತರ ಹೆಸರಿಗೆ ತುಂಡುಗಳನ್ನು ಬರೆದಿಡುತ್ತಿದ್ದ, ಅವರು ಬಂದು ಅವನು ಹೇಳಿದ ಹೆಸರನ್ನು ಹೇಳುತ್ತಿದ್ದರು. ಗುಪ್ತ ಮತದಾನ ಆಗಿನ್ನೂ ಬಂದಿರಲಿಲ್ಲ, ಅದು ಬಂದಿದ್ದು 1872ರಲ್ಲಿ. ಚುನಾವಣಾಧಿಕಾರಿಯೂ ಆ ಧಣಿಯ ಜಮೀನಿನ ಕಾರಭಾರಿಯೇ. ಮತಗಟ್ಟೆ ಅಂದರೆ ಹೊಲದಲ್ಲಿ ಒಂದು ಮರದ ಕೆಳಗಿನ ಜಾಗ. ಆ ಮರಕ್ಕೆ "ಪಾರ್ಲಿಮೆಂಟ್ ಮರ" ಅಂತಲೇ ಹೆಸರಾಗಿತ್ತು. ಸ್ಪರ್ಧೆ ಅನ್ನೋದು ಬಲು ಅಪರೂಪ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವಿರೋಧ ಆಯ್ಕೆ. ಜಗಳ ಇಲ್ಲ, ಖರ್ಚಿಲ್ಲ, ಪಾರ್ಟಿ ಇಲ್ಲ. ಎಲ್ಲ ಶಾಂತಿ!

ಈಗ ಧಣಿ ಯಾರು ಅಂತ ನೋಡಿ. 1690ರ ಆಸುಪಾಸಿನಲ್ಲಿ ಈ ಜಮೀನನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದೆ ನಮ್ಮ ದೇಶದ ಜೊತೆ ಕದ್ದು ವ್ಯಾಪಾರ ಮಾಡಿ ದುಡ್ಡು ಮಾಡಿದವನು. ಕಂಪನಿ ಅವನ ಮೇಲೆ ಕೇಸು ನಡೆಸಿ ದಂಡ ಹಾಕಿಸಿತ್ತು. ಅವನು ಜಮೀನು ಕೊಂಡ, ಜಮೀನಿನ ಜೊತೆ ಸೀಟು ಬಂತು, ಸೀಟಿನ ಜೊತೆ ಮರ್ಯಾದೆ ಬಂತು. 1695ರಲ್ಲಿ ಓಲ್ಡ್ ಸೇರಮ್ ಎಂಪಿ. 1698ರಲ್ಲಿ ಅದೇ ಕಂಪನಿ ಅವನನ್ನು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ ಗವರ್ನರ್ ಮಾಡಿ ಕಳಿಸಿತು! ಕಳ್ಳ ವ್ಯಾಪಾರಿ ಅಂತ ದಂಡ ಹಾಕಿದವರೇ ಖಜಾನೆಯ ಕೀಲಿ ಕೊಟ್ಟರು. ಇದರಲ್ಲಿ ಸೀಟಿನ ಪಾತ್ರ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಮದ್ರಾಸಿನಲ್ಲಿದ್ದಾಗ ಪಿಟ್ ಒಂದು ವಜ್ರ ಕೊಂಡ. ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿಯದ್ದು ಅಂತ ಹೇಳುತ್ತಾರೆ. ಒರಟು ಕಲ್ಲೇ 410 ಕ್ಯಾರಟ್. ಕೊಟ್ಟಿದ್ದು 48,000 ವರಹ. ಅದನ್ನು ಕೊಯ್ಯಿಸಿ 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ. ಇವತ್ತು ಅದು ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಗಣಿಯಲ್ಲಿ ಅದನ್ನು ಸಿಕ್ಕಿಸಿಕೊಂಡ ಕೂಲಿಯಾಳು ಕಾಲಿನ ಗಾಯದೊಳಗೆ ಬಚ್ಚಿಟ್ಟು ಓಡಿದ, ಹಡಗಿನವನೊಬ್ಬ ಅವನನ್ನು ಕೊಂದು ಕಿತ್ತುಕೊಂಡ ಅಂತ ಒಂದು ಕಥೆ ಇದೆ. ನಿಜವೋ ಸುಳ್ಳೋ, ಕೂಲಿಯವನ ಹೆಸರು ಮಾತ್ರ ಕಥೆಯಲ್ಲೂ ಇಲ್ಲ.

ಅಪ್ಪ ಮದ್ರಾಸಿನಲ್ಲಿ ಗವರ್ನರ್ ಆಗಿರುವಾಗಲೇ 1705ರಲ್ಲಿ ಮಗ ರಾಬರ್ಟ್ ಗುಡ್ಡದ ಎಂಪಿಯಾದ. 1735ರಲ್ಲಿ ಮೊಮ್ಮಗ ವಿಲಿಯಂ ಪಿಟ್. ವಯಸ್ಸು 26. ಅಣ್ಣ ಬೇರೆ ಕ್ಷೇತ್ರ ಆರಿಸಿಕೊಂಡಿದ್ದರಿಂದ ಮನೆಯ ಸೀಟು ತಮ್ಮನಿಗೆ ಬಂತು. ಈ ತಮ್ಮ ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ. ಅವನ ಮಗನೂ ಪ್ರಧಾನಿಯಾದ. ಮೂರನೇ ಮೈಸೂರು ಯುದ್ಧ, ಶ್ರೀರಂಗಪಟ್ಟಣ ಬಿದ್ದ 1799ರ ನಾಲ್ಕನೇ ಯುದ್ಧ, ಎರಡೂ ನಡೆದದ್ದು ಆ ಕಿರಿಯ ಪಿಟ್ ಪ್ರಧಾನಿಯಾಗಿದ್ದಾಗ.

ಪಿಟ್ ಮನೆತನ 1802ರಲ್ಲಿ ಗುಡ್ಡವನ್ನು ಮಾರಿತು. ಹತ್ತಾರು ಸಾವಿರ ಪೌಂಡಿನ ವ್ಯವಹಾರ. ಕೊಂಡವನು ಐರ್ಲೆಂಡಿನ ಕ್ಯಾಲಿಡನ್ ಜಹಗೀರಿನ ಒಡೆಯ. ಅವನ ಅಪ್ಪ ಜೇಮ್ಸ್ ಅಲೆಕ್ಸಾಂಡರ್ ದುಡ್ಡು ಮಾಡಿದ್ದು ಎಲ್ಲಿ? ಭಾರತದಲ್ಲಿ, ಕಂಪನಿಯ ನೌಕರಿಯಲ್ಲಿ. ಆ ವರ್ಷ ಗುಡ್ಡದಿಂದ ಆರಿಸಿಬಂದವರಲ್ಲಿ ಒಬ್ಬ ನಿಕೋಲಸ್ ವ್ಯಾನ್ಸಿಟಾರ್ಟ್. ಇವನ ಅಪ್ಪ ಹೆನ್ರಿ ಬಂಗಾಳದ ಗವರ್ನರ್ ಆಗಿದ್ದವನು. 1832ರಲ್ಲಿ ಬಾಗಿಲು ಮುಚ್ಚುವಾಗ ಇದ್ದ ಕೊನೆಯ ಇಬ್ಬರೂ ಅಲೆಕ್ಸಾಂಡರ್ ಮನೆತನದವರೇ.

ಅಂದರೆ ಮೊದಲು ಕೊಂಡ ದುಡ್ಡೂ ಇಂಡಿಯಾದ್ದು, ಕೊನೆಗೆ ಕೊಂಡ ದುಡ್ಡೂ ಇಂಡಿಯಾದ್ದು. ನಮ್ಮ ನೆಲದಲ್ಲಿ ಬೆವರು ಸುರಿಸಿದವರ ದುಡ್ಡಿನಲ್ಲಿ ಕೊಂಡ ಸೀಟಿನಲ್ಲಿ ಕೂತವರು ನಮ್ಮ ನೆಲವನ್ನು ಹೇಗೆ ಆಳಬೇಕು ಅಂತ ಕಾನೂನು ಮಾಡಿದರು. ಇದು ಈ ಒಂದು ಗುಡ್ಡದ ವಿಷಯ ಮಾತ್ರವಲ್ಲ. ಆರ್ಕಾಟ್ ನವಾಬನಿಗೆ ಬಡ್ಡಿ ಸಾಲ ಕೊಟ್ಟು ಅವನ ರೈತರ ಕಂದಾಯವನ್ನು ಹಿಂಡಿದ ಪಾಲ್ ಬೆನ್‌ಫೀಲ್ಡ್ ಅನ್ನುವವನು ಅದೇ ದುಡ್ಡಿನಲ್ಲಿ ಪಾರ್ಲಿಮೆಂಟಿಗೆ ಎಂಪಿಗಳನ್ನು ತುಂಬಿಸಿದ ಅಂತ ಎಡ್ಮಂಡ್ ಬರ್ಕ್ 1785ರಲ್ಲಿ ಸದನದಲ್ಲೇ ಗುಡುಗಿದ್ದ. ಸೀಟು ಮಾರುವವನು ಕೊಳ್ಳುವವನ ದುಡ್ಡು ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಕೊಂಡವನು ಅದನ್ನು ಎಲ್ಲಿಂದ ವಾಪಸ್ ತೆಗೆಯುತ್ತಾನೆ ಅಂತಲೂ ಕೇಳುವುದಿಲ್ಲ.

ಇಷ್ಟೆಲ್ಲ ಕಣ್ಣಿಗೆ ಕಾಣುತ್ತಿದ್ದರೂ ಯಾಕೆ ಅಷ್ಟು ಕಾಲ ನಡೆಯಿತು? ಗೊತ್ತಿಲ್ಲದೆ ಅಂತೂ ಅಲ್ಲ. ಹಿರಿಯ ಪಿಟ್ಟೇ 1766ರಲ್ಲಿ ಇಂಥ ಸೀಟುಗಳನ್ನು ನಮ್ಮ ವ್ಯವಸ್ಥೆಯ ಕೊಳೆತ ಭಾಗ ಅಂತ ಕರೆದಿದ್ದ. ತಾನು ಹತ್ತಿದ ಏಣಿ ಅದೇ! ಅವನ ಮಗ 1785ರಲ್ಲಿ ಒಂದು ಉಪಾಯ ತಂದ. ಇಂಥ 36 ಊರುಗಳ ಸೀಟುಗಳನ್ನು ಸರ್ಕಾರವೇ ಹತ್ತು ಲಕ್ಷ ಪೌಂಡ್ ಕೊಟ್ಟು ಕೊಂಡುಬಿಡಲಿ ಅಂದ. ಕದ್ದ ಮಾಲಿಗೆ ಪರಿಹಾರ! ಅದಕ್ಕೂ ಸದನ ಒಪ್ಪಲಿಲ್ಲ, 248ಕ್ಕೆ 174 ಮತದಲ್ಲಿ ಸೋಲಿಸಿತು.

ಸಮರ್ಥನೆಗಳಿಗೇನೂ ಬರವಿರಲಿಲ್ಲ. ಇಂಥ ಸೀಟುಗಳಿಂದಲೇ ಅಲ್ಲವೇ ಪಿಟ್‌ನಂಥ ಬುದ್ಧಿವಂತರು ಬಂದದ್ದು ಅಂದರು. 1801ರಲ್ಲಿ ಜಾನ್ ಹಾರ್ನ್ ಟುಕ್ ಅನ್ನುವ ಸುಧಾರಣಾವಾದಿಯನ್ನು ಇದೇ ಗುಡ್ಡದಿಂದ ಕಳಿಸಿದ್ದರು, ನಿಜ. ಕಳಿಸಿದವನು ಪಿಟ್ ಮನೆತನದ ಲಾರ್ಡ್ ಕ್ಯಾಮಲ್‌ಫರ್ಡ್. ಒಳ್ಳೆಯ ಮನುಷ್ಯನೇ ಬಂದ ಅಂತಿಟ್ಟುಕೊಳ್ಳಿ. ಅವನನ್ನು ಕಳಿಸುವುದೋ ಬಿಡುವುದೋ ಧಣಿಯ ಮರ್ಜಿ, ಜನರದ್ದಲ್ಲ. ಧಣಿ ಕೊಟ್ಟಿದ್ದನ್ನು ಧಣಿ ಕಿತ್ತುಕೊಳ್ಳಬಹುದು. 1830ರ ನವೆಂಬರಿನಲ್ಲಂತೂ ಪ್ರಧಾನಿ ವೆಲ್ಲಿಂಗ್ಟನ್, ಈಗಿರುವ ವ್ಯವಸ್ಥೆಗಿಂತ ಉತ್ತಮವಾದದ್ದನ್ನು ಊಹಿಸಲೂ ಆಗದು ಅನ್ನುವ ಅರ್ಥದಲ್ಲಿ ಮಾತಾಡಿದ. ಎರಡು ವಾರದಲ್ಲಿ ಅವನ ಸರ್ಕಾರವೇ ಬಿತ್ತು. ಅಂದಹಾಗೆ ಇದೇ ವೆಲ್ಲಿಂಗ್ಟನ್ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದ ಆರ್ಥರ್ ವೆಲ್ಲೆಸ್ಲಿ.

ಸೀಟು ಹೋದದ್ದು ದೊಡ್ಡವರ ಮನಸ್ಸು ಕರಗಿ ಅಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿ ನಮಗೂ ಎಂಪಿ ಬೇಕು ಅಂದಾಗ ಅವರ ಮೇಲೆ ಕುದುರೆ ಹತ್ತಿಸಿ ಕತ್ತಿ ಬೀಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. 1831ರ ಮಾರ್ಚಿನಲ್ಲಿ ಸುಧಾರಣಾ ಮಸೂದೆ ಎರಡನೇ ವಾಚನದಲ್ಲಿ ಪಾಸಾದದ್ದು ಒಂದೇ ಒಂದು ಮತದಿಂದ, 302ಕ್ಕೆ 301. ಮತ್ತೆ ತಂದ ಮಸೂದೆಯನ್ನು ಅಕ್ಟೋಬರಿನಲ್ಲಿ ಮೇಲ್ಮನೆ ತಳ್ಳಿಹಾಕಿತು. ಬ್ರಿಸ್ಟಲ್ ಹೊತ್ತಿ ಉರಿಯಿತು, ನಾಟಿಂಗ್‌ಹ್ಯಾಮ್ ಕೋಟೆಗೆ ಬೆಂಕಿ ಬಿತ್ತು. 1832ರ ಜೂನಿನಲ್ಲಿ ಕಾನೂನು ಆಯಿತು. ಓಲ್ಡ್ ಸೇರಮ್ ಸೇರಿ 56 ಊರುಗಳ ಸೀಟು ಪೂರ್ತಿ ರದ್ದು, ಮಾಲೀಕರಿಗೆ ಪರಿಹಾರ ಸೊನ್ನೆ. ಮ್ಯಾಂಚೆಸ್ಟರಿಗೆ ಇಬ್ಬರು ಎಂಪಿ ಸಿಕ್ಕರು. ಆಗಲೂ ಕೂಲಿಯವರಿಗೆ ವೋಟು ಬರಲಿಲ್ಲ. ಮತದಾರ ಅಂದರೆ ಗಂಡಸು ಅಂತ ಆ ಕಾನೂನೇ ಬರೆಯಿತು. ಹೆಂಗಸರಿಗೆ ಗಂಡಸರಿಗೆ ಸಮನಾಗಿ ವೋಟು ಬರಲು ಅಲ್ಲಿ 1928 ಆಗಬೇಕಾಯಿತು.

ನಮಗೆ? ಗಣರಾಜ್ಯದ ಮೊದಲ ಮಹಾಚುನಾವಣೆಯಲ್ಲೇ, 1951-52ರಲ್ಲೇ, ಎಲ್ಲರಿಗೂ ಬಂತು. ಪಹಣಿ ಇರಲಿ ಬಿಡಲಿ, ಅಕ್ಷರ ಬರಲಿ ಬಿಡಲಿ, ಯಾವ ಕೇರಿಯವರೇ ಆಗಲಿ, ಒಬ್ಬರಿಗೆ ಒಂದು ವೋಟು. ಕತ್ತಿಯೇಟು ತಿಂದೂ ಮ್ಯಾಂಚೆಸ್ಟರಿನ ಕೂಲಿಯವರಿಗೆ ಸಿಗದೇ ಹೋದದ್ದು ನಮ್ಮ ಕೂಲಿಯವರಿಗೆ ಸಿಕ್ಕಿದೆ. ಅದನ್ನು ಕಟ್ಟೆ ಮೇಲೆ ಕೂತು ಹತ್ತು ಜನ ಯಜಮಾನರು ಕೂಗಿ ಮಾರುತ್ತಾರೆ ಅಂದರೆ ನಮಗೆ ಹೊಟ್ಟೆ ಉರಿಯುತ್ತದೆ.

ಹರಾಜು ಹಾಕುವವರಿಗೆ ನಾವು ನೇರವಾಗಿ ಕೇಳುತ್ತೇವೆ. ಓಲ್ಡ್ ಸೇರಮ್‌ನಲ್ಲಿ ವೋಟು ಕಳೆದುಕೊಳ್ಳಲು ಜನರೇ ಇರಲಿಲ್ಲ. ನಿಮ್ಮ ವಾರ್ಡಿನಲ್ಲಿ ಇದ್ದಾರಲ್ಲ? ಸವಾಲು ಕೂಗಿದ ದಿನ ಕಟ್ಟೆ ಮೇಲೆ ಹೆಂಗಸರು ಎಷ್ಟು ಜನ ಕೂತಿದ್ದರು? ಕೆಳಗಿನ ಕೇರಿಯವರನ್ನು ಕರೆದಿದ್ದಿರಾ, ಅಥವಾ ಆಮೇಲೆ ಹೇಳಿ ಕಳಿಸಿದಿರಾ? ಮೀಸಲು ಸೀಟಿಗೆ ದುಡ್ಡು ಕಟ್ಟಿದವನು ಯಾರು, ಹೆಸರು ಯಾರದ್ದು? ಅಲ್ಲಿ ಧಣಿ ತನ್ನ ತುಂಡುಗಳನ್ನು ಬೇರೆಯವರ ಹೆಸರಿಗೆ ಬರೆದಿಟ್ಟ ಹಾಗೆ ಇಲ್ಲಿ ಮೆಂಬರ್‌ಗಿರಿಯನ್ನೇ ಬೇರೆಯವರ ಹೆಸರಲ್ಲಿ ಇಟ್ಟುಕೊಂಡಿಲ್ಲ ಅಂತ ಎದೆ ಮುಟ್ಟಿ ಹೇಳಿ.

ದೇವಸ್ಥಾನಕ್ಕೆ ದುಡ್ಡು ಬಂತು ಅನ್ನುತ್ತೀರಿ. ದೇವರಿಗೆ ಚಂದಾ ಎತ್ತಲು ಊರಿಗೆ ದಾರಿ ಗೊತ್ತಿಲ್ಲವೇ? ಲಕ್ಷಗಟ್ಟಲೆ ಕಟ್ಟಿ ಮೆಂಬರ್ ಆದವನು ಅದನ್ನು ಮೆಂಬರ್ ಗೌರವಧನದಲ್ಲಿ ಐದು ವರ್ಷಕ್ಕೆ ವಾಪಸ್ ಪಡೆಯಲು ಸಾಧ್ಯವೇ ಇಲ್ಲ. ಮತ್ತೆಲ್ಲಿಂದ? ಚರಂಡಿ ಬಿಲ್ಲಿನಿಂದ, ಉದ್ಯೋಗ ಖಾತ್ರಿಯ ಹಾಜರಿಯಿಂದ, ಮನೆ ಮಂಜೂರಾತಿಯ ಪಟ್ಟಿಯಿಂದ. ಪಿಟ್‌ಗೆ ಮದ್ರಾಸ್ ಇತ್ತು, ಇವನಿಗೆ ನಿಮ್ಮ ಬೀದಿ ಇದೆ. ಮತ್ತೆ ಅವನನ್ನು "ಯಾಕಪ್ಪಾ ನಲ್ಲಿಯಲ್ಲಿ ನೀರಿಲ್ಲ" ಅಂತ ಕೇಳಿದರೆ ಅವನ ಹತ್ತಿರ ಉತ್ತರ ರೆಡಿ ಇರುತ್ತದೆ: ನೀವೇನು ನನಗೆ ವೋಟು ಹಾಕಿದ್ದಿರಾ?

ಊರಿನಲ್ಲಿ ಎಲ್ಲರೂ ಕೂತು ಮಾತಾಡಿ, ದುಡ್ಡಿಲ್ಲದೆ ಬೆದರಿಕೆ ಇಲ್ಲದೆ ಒಬ್ಬರನ್ನು ಒಪ್ಪಿದರೆ ಅದು ಬೇರೆ. ಅದಕ್ಕೆ ನಮ್ಮ ತಕರಾರಿಲ್ಲ. ಅಂಥ ಒಪ್ಪಂದಕ್ಕೆ ಹರಾಜು ಬೇಕಾಗುವುದಿಲ್ಲ ಅಷ್ಟೇ.

ಒಂದು ಲೆಕ್ಕ ಮಾತ್ರ ನೆನಪಿರಲಿ. ಓಲ್ಡ್ ಸೇರಮ್ ವ್ಯಾಪಾರವನ್ನು ನಿಲ್ಲಿಸಲು ಒಂದು ದೇಶದ ಕಾನೂನೇ ಬದಲಾಗಬೇಕಾಯಿತು, ಜನ ಸಾಯಬೇಕಾಯಿತು. ಇಲ್ಲಿ ಕಾನೂನು ಈಗಾಗಲೇ ನಮ್ಮ ಕಡೆ ಇದೆ. ಹರಾಜು ಹಾಕಿದ ವಾರ್ಡಿನಲ್ಲಿ ಇನ್ನೊಬ್ಬರು ಯಾರಾದರೂ, ಒಬ್ಬ ಅಕ್ಕನೋ ಒಬ್ಬ ಹುಡುಗನೋ, ಕೆಲವು ನೂರು ರೂಪಾಯಿ ಠೇವಣಿ ಕಟ್ಟಿ ನಾಮಪತ್ರ ಹಾಕಿ ವಾಪಸ್ ತೆಗೆಯದೆ ಗಟ್ಟಿಯಾಗಿ ನಿಂತರೆ ಸಾಕು, ಮತದಾನ ನಡೆಯಲೇಬೇಕು. ಹಾಗೆ ನಿಲ್ಲುವವರನ್ನು ಊರಿನಲ್ಲಿ ಒಂಟಿ ಮಾಡುವುದು, ನೀರು ಕಿರಾಣಿ ನಿಲ್ಲಿಸುತ್ತೇವೆ ಅಂತ ಹೆದರಿಸುವುದು ನಡೆದರೆ ದಿನಾಂಕ ಹಾಕಿ ತಹಶೀಲ್ದಾರರಿಗೆ ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಅದರ ಫೋಟೊ ನಮಗೂ ಕಳಿಸಿ. ನಿಮ್ಮ ಹೆಸರು ಹಾಕದೆ ಬರೆಯುತ್ತೇವೆ, ಊರಿನ ಹೆಸರು ಹಾಕಿ ಬರೆಯುತ್ತೇವೆ.