ಬೆಕ್ಕೂ ನುಗ್ಗದ ಕಾರು

ಅಕ್ಕನ ಮಗ ಆ ಕಾರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ್ದು 2021ರ ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ. ಎರಡೇ ಸೀಟಿನ ಪೋರ್ಶೆ. ಸೆಕೆಂಡ್ ಹ್ಯಾಂಡ್ ಅಂತ ಅವನು ಮೆಲ್ಲಗೆ ಹೇಳಿದ, ಆದರೆ ನಮ್ಮ ಬೀದಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ದೊಡ್ಡಬಳ್ಳಾಪುರದ ಮಕ್ಕಳು ಇಂಥ ಕಾರುಗಳನ್ನು ನೋಡಿಲ್ಲವೆಂದಲ್ಲ. ಭಾನುವಾರ ಬೆಳಗಿನ ಜಾವ ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆಗೆ ಅವು ಸಾಲಾಗಿ ಗುಡುಗುತ್ತಾ ಹೋಗುವುದನ್ನು ನೋಡಲೆಂದೇ ನಮ್ಮ ಹುಡುಗರು ಸೈಕಲ್ ತುಳಿದು ಹೋಗುವುದುಂಟು. ಆದರೆ ಅಂಥದ್ದೊಂದು ಮಗ್ಗದ ಮನೆಗಳ ನಡುವೆ, ನಮ್ಮ ರಂಗೋಲಿಯ ಪಕ್ಕದಲ್ಲಿ ಬಂದು ನಿಂತದ್ದು ಅದೇ ಮೊದಲು.

ಸಂಜೆಯೊಳಗೆ ಇಡೀ ಬೀದಿ ಕಾವಲುಗಾರರಾಯಿತು. "ಚಿಕ್ಕಮ್ಮಾ, ಇದರ ಒಂದೊಂದು ಹೆಡ್‌ಲೈಟಿಗೇ ಲಕ್ಷಗಟ್ಟಲೆ" ಎಂದು ಅವನು ಹೇಳಿದ್ದೇ ತಪ್ಪಾಯಿತು. ಚಕ್ರಕ್ಕೆ ಎಷ್ಟು, ಕನ್ನಡಿಗೆ ಎಷ್ಟು ಎಂದು ಮಕ್ಕಳು ಲೆಕ್ಕ ಹಾಕತೊಡಗಿದರು. ಎದುರು ಮಗ್ಗದ ಮನೆಯವರು ತಮ್ಮ ಸಿಸಿ ಕ್ಯಾಮೆರಾವನ್ನು ಏಣಿ ಹತ್ತಿ ನಮ್ಮ ಗೇಟಿನ ಕಡೆಗೆ ತಿರುಗಿಸಿದರು. ನಮ್ಮ ಯಜಮಾನರು ಹನ್ನೆರಡು ಗಂಟೆವರೆಗೆ ಜಗಲಿಯಲ್ಲಿ ಕೂತಿರುವುದೆಂದೂ ಆಮೇಲೆ ಅಕ್ಕನ ಮಗನ ಪಾಳಿಯೆಂದೂ ತೀರ್ಮಾನವಾಯಿತು.

ನಾನು ಪಾಠ ಹೇಳಿದ್ದ ಹುಡುಗನೊಬ್ಬ ಆಗ ಐಟಿಐ ಓದುತ್ತಿದ್ದ. ಮೋಟಾರ್ ಮೆಕ್ಯಾನಿಕ್ ವಿಭಾಗ. ರಜಾದಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಅವನೂ ಬಂದು ಎಲ್ಲರಂತೆ ನೋಡಿದ, ಆಮೇಲೆ ನೆಲಕ್ಕೆ ಕೆನ್ನೆ ಹಚ್ಚಿ ಕಾರಿನ ಅಡಿಯಲ್ಲಿ ಇಣುಕಿದ. ಎದ್ದು ಅಂಗಿಯ ಧೂಳು ಕೊಡವಿಕೊಳ್ಳುತ್ತಾ, "ಮಿಸ್, ಇದರ ಕೆಳಗೆ ಬೆಕ್ಕೂ ನುಗ್ಗಲ್ಲ. ಕಾಯಬೇಕಿದ್ರೆ ಆ ಈಕೋ ಕಾಯ್ರಿ" ಅಂದ. ಬೀದಿಯ ಕೊನೆಯಲ್ಲಿ ನಿಂತಿದ್ದ ಹಳದಿ ಬೋರ್ಡಿನ ಮಾರುತಿ ಈಕೋ ತೋರಿಸಿ ಹೇಳಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕೈಯಿಂದ ಒಂದು ಕಜ್ಜಾಯ ತಿಂದು, "ತೂಬಗೆರೆಗೆ ಹೋಗ್ತಾ ಇದೀನಿ ಮಿಸ್, ಅಮ್ಮ ಕಾಯ್ತಾರೆ, ಕೊನೇ ಬಸ್ಸು" ಎಂದು ಓಡಿದ.

ಬೆಳಿಗ್ಗೆ ಐದೂವರೆಗೆ ಬೀದಿಯೇ ಬೆಚ್ಚಿಬಿದ್ದು ಎದ್ದಿತು. ಬಲಿಪಾಡ್ಯಮಿಯೆಂದು ಮನೆಯವರನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದೊಯ್ಯಲು ಈಕೋ ಅಣ್ಣ ಗಾಡಿ ಸ್ಟಾರ್ಟ್ ಮಾಡಿದ್ದರು. ಹಳೇ ಟ್ರ್ಯಾಕ್ಟರಿನಂಥ ಸದ್ದು. ಬಗ್ಗಿ ನೋಡಿದರೆ ಸೈಲೆನ್ಸರ್ ಇಲ್ಲ. ರಾತ್ರಿಯ ಪಟಾಕಿ ಗದ್ದಲದಲ್ಲಿ ಯಾರೋ ಬೋಲ್ಟು ಬಿಚ್ಚಿ ಹೊತ್ತೊಯ್ದಿದ್ದರು. ಪೋರ್ಶೆ ಮಾತ್ರ ಒಂದು ಗೀರೂ ಇಲ್ಲದೆ ಮಿರಮಿರ ಮಿಂಚುತ್ತಾ ನಿಂತಿತ್ತು. ಕ್ಯಾಮೆರಾದಲ್ಲಿ ರಾತ್ರಿಯಿಡೀ ಅದರದೇ ಚಿತ್ರ.

ಆ ಗಾಡಿ ಶಾಲೆ ಮಕ್ಕಳನ್ನು ಸಾಗಿಸುವ ಗಾಡಿ. ಕೊರೊನಾದಿಂದ ಒಂದೂವರೆ ವರ್ಷ ನಿಂತೇ ಇತ್ತು. ಒಂದರಿಂದ ಐದನೇ ತರಗತಿ ಮತ್ತೆ ಶುರುವಾಗಿದ್ದು ಅಕ್ಟೋಬರ್ 25ಕ್ಕೆ, ಅಂದರೆ ಅಣ್ಣನ ದುಡಿಮೆಗೆ ಇನ್ನೂ ಎರಡು ವಾರವೂ ತುಂಬಿರಲಿಲ್ಲ. ಹೊಸ ಸೈಲೆನ್ಸರಿಗೆ ಐವತ್ತು ಸಾವಿರದ ಆಸುಪಾಸು ಎಂದು ಶೋರೂಮಿನಿಂದ ಫೋನಿನಲ್ಲಿ ಕೇಳಿ ಅವರು ಅಲ್ಲೇ ಮೋರಿ ಕಟ್ಟೆಯ ಮೇಲೆ ಕೂತರು. ಕೈ ಬರಿದಾಗಿದ್ದ ದಿನಗಳಲ್ಲಿ ಬರೀ ಥರ್ಡ್ ಪಾರ್ಟಿ ವಿಮೆ ಕಟ್ಟಿದ್ದರು. ಅದು ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಮಾತ್ರ, ಕಳ್ಳತನಕ್ಕೆ ಒಂದು ಪೈಸೆಯೂ ಬರುವುದಿಲ್ಲ.

ಸಾವಿರಾರು ರೂಪಾಯಿ ಬೆಲೆಬಾಳುವಂಥದ್ದು ಸೈಲೆನ್ಸರಿನಲ್ಲಿ ಏನಿದೆ ಎಂದು ನಮ್ಮ ಯಜಮಾನರೇ ಕೇಳಿದರು. ವಿಜ್ಞಾನ ಹೇಳಿಕೊಟ್ಟವಳು ನಾನು, ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅದರೊಳಗೆ ಜೇನುಗೂಡಿನಂಥ ಪಿಂಗಾಣಿಯ ತುಂಡೊಂದಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಅದರ ಸಾವಿರಾರು ಸಣ್ಣ ಕಂಡಿಗಳ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳ ತೆಳು ಲೇಪ. ಎಂಜಿನ್ನಿನಿಂದ ಬರುವ ವಿಷದ ಕಾರ್ಬನ್ ಮೊನಾಕ್ಸೈಡು ಈ ಕಂಡಿಗಳಲ್ಲಿ ಹಾಯುವಾಗ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಮತ್ತೆ ಬರೀ ನೈಟ್ರೋಜನ್ ಆಗುತ್ತವೆ, ಅರೆಬರೆ ಉರಿದ ಪೆಟ್ರೋಲು ಪೂರ್ತಿ ಉರಿಯುತ್ತದೆ. ಲೋಹ ಮಾತ್ರ ಹಾಗೆಯೇ ಉಳಿಯುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ಕಡ್ಡಾಯವಾದದ್ದು 1995ರ ಏಪ್ರಿಲಿನಲ್ಲಿ, ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಒಂದು ಗಾಡಿಯಲ್ಲಿ ಈ ಲೋಹಗಳಿರುವುದು ಕೆಲವೇ ಗ್ರಾಂ. ಆದರೆ 2021ರ ಮಾರ್ಚಿನಲ್ಲಿ ರೋಡಿಯಂ ಬೆಲೆ ತೂಕಕ್ಕೆ ತೂಕ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಆ ಕಾಲದಲ್ಲೇ ಗುಜರಾತು, ಮಹಾರಾಷ್ಟ್ರಗಳಲ್ಲಿ ಈಕೋ ಸೈಲೆನ್ಸರುಗಳನ್ನೇ ಹುಡುಕಿ ಕದಿಯುವ ಗುಂಪುಗಳನ್ನು ಪೊಲೀಸರು ಹಿಡಿದಿದ್ದರು. ಇದೆಲ್ಲ ಪೇಪರಿನಲ್ಲಿ ಓದಿದ್ದೆ. ಓದಿಯೂ, ಹಿಂದಿನ ಸಂಜೆ ಆ ಹುಡುಗ ಈಕೋ ಎಂದಾಗ ನಕ್ಕಿದ್ದೆ.

ಹತ್ತು ಗಂಟೆಗೆ ಅವನು ಬಸ್ಸಿಳಿದು ಬಂದ. ಕೈಯಲ್ಲಿ ಅವರಮ್ಮ ಕಟ್ಟಿಕೊಟ್ಟ ಕಜ್ಜಾಯದ ಪೊಟ್ಟಣ, ಬಹುಶಃ ನಮ್ಮ ಮನೆಗೇ ತಂದದ್ದು. ಅಷ್ಟರಲ್ಲಿ ಯಾರೋ ನೆನಪಿಸಿದ್ದರು, "ನಿನ್ನೆ ಇವನೇ ಹೇಳಿದ್ನಲ್ಲ, ಈಕೋ ಕಾಯ್ರಿ ಅಂತ!" ಸುತ್ತುವರಿದರು. "ಗ್ಯಾರೇಜ್ ಹುಡುಗ, ಸ್ಪ್ಯಾನರ್ ಹಿಡಿಯೋ ಕೈ." "ಯಾರ್‌ಗೆ ಮಾರ್ದೆ ಹೇಳೋ." ಅವನು ಯಾರಿಗೂ ಉತ್ತರ ಕೊಡದೆ ನನ್ನನ್ನು ನೋಡಿದ. ಅವನು ಕೊನೇ ಬಸ್ಸಿಗೆ ಓಡಿದ್ದು ನನಗೆ ಗೊತ್ತು. ಆ ಬೀದಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ನಾನು ಬಾಯಿ ಬಿಡಲು ಎಷ್ಟು ಹೊತ್ತು ತೆಗೆದುಕೊಂಡೆ? ಎರಡು ನಿಮಿಷವಿರಬಹುದು. ಕಣ್ಣೊರೆಸಿಕೊಳ್ಳುತ್ತಿದ್ದ ಈಕೋ ಅಣ್ಣನ ಹೆಂಡತಿ ಎದುರಿಗೇ ಇದ್ದಳು. ನಮ್ಮ ಮನೆಯ ಕಾರಿಗಾಗಿ ಕ್ಯಾಮೆರಾ ತಿರುಗಿಸಿದ್ದು ಎಂಬ ಅಳುಕೂ ಇತ್ತು. ಒಂದು ಕ್ಷಣ ನನಗೂ ಇವನೇ ಇರಬಹುದೇ ಎನಿಸಿತು, ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಒಬ್ಬರು ಅವನ ಕೊರಳಪಟ್ಟಿ ಹಿಡಿದರು, ಪೊಟ್ಟಣ ಬಿದ್ದು ಕಜ್ಜಾಯ ಮಣ್ಣಾಯಿತು. ಆಗ ಕೂಗಿದೆ. "ಬಿಡ್ರೀ ಅವನನ್ನ, ರಾತ್ರಿ ತೂಬಗೆರೆಯಲ್ಲಿದ್ದ" ಎಂದೆ. ಬಿಟ್ಟರು. ಅವನು ಬಗ್ಗಿ ಕಜ್ಜಾಯ ಎತ್ತಿಕೊಳ್ಳಲೂ ಇಲ್ಲ, ಹೋಗಿಬಿಟ್ಟ.

ಠಾಣೆಗೆ ಹೋಗಿ ದೂರು ಕೊಟ್ಟೆವು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ. ಸೈಲೆನ್ಸರ್ ಮತ್ತೆ ಸಿಗಲಿಲ್ಲ. ಅಕ್ಕನ ಮಗ ಅರ್ಧ ದುಡ್ಡು ಕೊಟ್ಟ, ಮಕ್ಕಳ ಅಪ್ಪ ಅಮ್ಮಂದಿರು ಮುಂದಿನ ಎರಡು ತಿಂಗಳ ಬಾಡಿಗೆ ಮುಂಗಡ ಕೊಟ್ಟರು.

ಒಂದು ತಿಂಗಳು ಆ ಹುಡುಗ ನಮ್ಮ ಬೀದಿಗೆ ಬರಲಿಲ್ಲ. ನಾನೇ ಗ್ಯಾರೇಜಿಗೆ ಹೋದೆ. "ತಪ್ಪಾಯ್ತು ಕಣೋ" ಅಂದೆ. ಅವನು ಎಂಜಿನ್ನಿನಿಂದ ತಲೆ ಎತ್ತದೆ, "ಹೊಸದು ಹಾಕ್ಸಿದ್ರಾ ಮಿಸ್? ಅದನ್ನೂ ಬಿಚ್ಕೊಂಡು ಹೋಗ್ತಾರೆ" ಎಂದ. ಮುಂದಿನ ಭಾನುವಾರ ವೆಲ್ಡಿಂಗ್ ಸಾಮಾನು ಸಮೇತ ಬಂದು, ಸೈಲೆನ್ಸರಿನ ಸುತ್ತ ಕಬ್ಬಿಣದ ಸರಳುಗಳ ಗೂಡು ಕಟ್ಟಿ ಚಾಸಿಗೆ ಬಿಗಿದ. ಮಾಮೂಲಿ ಸ್ಪ್ಯಾನರಿಗೆ ಸಿಗದ ಹಾಗೆ, ಬಿಗಿದ ಮೇಲೆ ತಲೆ ಮುರಿದುಹೋಗುವ ಬೋಲ್ಟು ಹಾಕಿದ. ಸೈಲೆನ್ಸರಿನ ಮೈಮೇಲೆ ಗಾಡಿಯ ನಂಬರನ್ನು ಕೊರೆದ. ಗುರುತಿಲ್ಲದ ಬಿಡಿಭಾಗ ಸಿಕ್ಕರೂ ಇಂಥವರದೆಂದು ಹೇಳಲಾಗುವುದಿಲ್ಲ. ಚಾಸಿಯ ಮೇಲೆ 17 ಅಕ್ಷರ, ಅಂಕಿಗಳ ಗುರುತು ಕಂಪನಿಯೇ ಹಾಕಿರುತ್ತದೆ. ಆದರೆ ಚಕ್ರ, ಸೈಲೆನ್ಸರು, ದೀಪಗಳಿಗೆ ಅದಿರುವುದಿಲ್ಲ. ನಮ್ಮ ತಾತ ಘಾಟಿ ದನಗಳ ಜಾತ್ರೆಯಲ್ಲಿ ರಾತ್ರಿ ಎತ್ತಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದರಂತೆ. ಎತ್ತಿನ ಗುರುತು ಸಾವಿರ ಎತ್ತುಗಳ ನಡುವೆಯೂ ಅವರಿಗೆ ಸಿಗುತ್ತಿತ್ತು. ಸೈಲೆನ್ಸರಿಗೆ ಮುಖವಿಲ್ಲ, ಅಷ್ಟೇ ತೊಂದರೆ.

ಅಂದು ಅವನು ಪೋರ್ಶೆಯ ಬಗ್ಗೆಯೂ ಹೇಳಿದ. "ಅಂಥ ಕಾರಿಗೆ ಬೀಗ ಒಡೆಯೋರು ಬರಲ್ಲ ಮಿಸ್, ಬೀಗದ ಕೈ ಹುಡುಕ್ಕೊಂಡು ಬರ್ತಾರೆ." ಗುಂಡಿ ಒತ್ತದೆಯೇ ಬಾಗಿಲು ತೆರೆಯುವ ಕಾರಿನ ಕೀ ಸದಾ ಸಣ್ಣದೊಂದು ರೇಡಿಯೋ ಮಾತು ಆಡಲು ಸಿದ್ಧವಾಗಿರುತ್ತದೆ, ಕಾರು ಹತ್ತಿರವಿದ್ದರೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಕಳ್ಳರು ಇಬ್ಬರಿರುತ್ತಾರೆ. ಒಬ್ಬ ಒಂದು ಪೆಟ್ಟಿಗೆ ಹಿಡಿದು ಮನೆ ಬಾಗಿಲಿಗೆ ಒರಗುತ್ತಾನೆ, ಇನ್ನೊಬ್ಬ ಇನ್ನೊಂದು ಹಿಡಿದು ಕಾರಿನ ಬಳಿ ನಿಲ್ಲುತ್ತಾನೆ. ಒಳಗೆ ಮೊಳೆಗೆ ತೂಗುಹಾಕಿದ ಕೀಯ ಮಾತನ್ನು ಆ ಪೆಟ್ಟಿಗೆಗಳು ಕಾರಿನವರೆಗೆ ದಾಟಿಸುತ್ತವೆ. ಒಡೆಯ ಬಂದನೆಂದು ಕಾರು ಬಾಗಿಲು ತೆರೆಯುತ್ತದೆ, ಎಂಜಿನ್ನೂ ಚಾಲೂ ಆಗುತ್ತದೆ. ಅದಕ್ಕೇ ಬಾಗಿಲ ಪಕ್ಕದ ಮೊಳೆ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ನಮ್ಮತ್ತೆ ಸಾಸಿವೆ ಡಬ್ಬಿ ಕೊಟ್ಟರು. ಕೆಲಸ ಮಾಡುತ್ತದೆಯೇ ಎಂದು ನೋಡುವುದೂ ಸುಲಭ. ಕೀಯನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿ ಹಿಡಿದೇ ಕಾರಿನ ಬಳಿ ಹೋಗಿ ಹಿಡಿ ಎಳೆಯಿರಿ. ತೆರೆದುಕೊಂಡರೆ ಡಬ್ಬಿ ಬದಲಿಸಿ. ಎರಡನೇ ಕೀ ಎಲ್ಲಿದೆಯೆಂದು ಇವತ್ತೇ ನೋಡಿ. ಕಾರು ಕಳವಾದರೆ ವಿಮೆಯವರು ಎರಡನ್ನೂ ಕೇಳುತ್ತಾರೆ.

ಯೂರೋಪಿನಲ್ಲಿ ಪೋರ್ಶೆಯ ಹೆಡ್‌ಲೈಟುಗಳನ್ನೇ ಕಿತ್ತೊಯ್ದ ಸುದ್ದಿಯನ್ನು ಅಕ್ಕನ ಮಗ ಆಮೇಲೆ ಹೇಳಿದ. ಅವನು ಈಗ ಚಕ್ರಗಳಿಗೆ ತನ್ನದೇ ಸಾಕೆಟ್ ಬೇಕಾಗುವ ಲಾಕ್ ನಟ್ಟು ಹಾಕಿಸಿದ್ದಾನೆ, ಕಾಣದ ಜಾಗದಲ್ಲಿ ಜಿಪಿಎಸ್ ಇಟ್ಟಿದ್ದಾನೆ. ಎಲ್ಲಿ ಎಂದು ಅವರಮ್ಮನಿಗೂ ಹೇಳಿಲ್ಲ. ಸ್ಟೀರಿಂಗಿಗೆ ಹಾಕುವ ಉದ್ದನೆಯ ಕಬ್ಬಿಣದ ಬೀಗ ನೋಡಲು ಚೆನ್ನಾಗಿಲ್ಲವೆಂದು ಮಾತ್ರ ಬೇಡ ಎನ್ನುತ್ತಾನೆ. ನನ್ನ ಕೇಳಿದರೆ ಮೊದಲು ಹಾಕಬೇಕಾದದ್ದೇ ಅದು. ದೂರದಿಂದ ಕಂಡರೇನೇ ಕಳ್ಳ ಮುಂದಿನ ಗಾಡಿಗೆ ಹೋಗುವುದು. ಮುಂದಿನ ಗಾಡಿ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ, ನಿಜ.

ಇನ್ನೊಂದು ಮಾತನ್ನು ಹುಡುಗ ಗೂಡು ಬಿಗಿಯುತ್ತಾ ಗಾಡಿಯ ಅಡಿಯಿಂದಲೇ ಹೇಳಿದ್ದು. "ಅರ್ಧ ಬೆಲೆಗೆ ಸೈಲೆನ್ಸರ್ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ತಗೋಬೇಡಿ ಅಣ್ಣ, ಅದು ಇನ್ಯಾರದೋ ಶಾಲೆ ಗಾಡೀದು." ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವರಿಗೆ ಮೂರು ವರ್ಷದವರೆಗೆ ಶಿಕ್ಷೆಯುಂಟು. ಈಕೋ ಅಣ್ಣ ಏನೂ ಹೇಳದೆ ಟಾರ್ಚನ್ನು ಇನ್ನಷ್ಟು ಬಗ್ಗಿ ಹಿಡಿದರು. ಅಂಥ ಒಂದು ಫೋನ್ ಅವರಿಗೆ ಆಗಲೇ ಬಂದಿತ್ತೆಂದು ಆಮೇಲೆ ತಿಳಿಯಿತು.

ಹೋದ ದೀಪಾವಳಿಗೆ ಅಕ್ಕನ ಮಗ ಮತ್ತೆ ಬಂದ. ಹುಡುಗ ಈಗ ನೆಲಮಂಗಲದ ಕಡೆ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದಿದ್ದ. "ಅಣ್ಣಾ, ನಿಮ್ಮದು ಆ ಕಡೆ ಹಾಕಿ" ಎಂದು ಬೀದಿಯ ಕೊನೆ ತೋರಿಸಿದ. ಲೈಟು ಕಂಬದ ಕೆಳಗೆ, ಕ್ಯಾಮೆರಾದ ಎದುರಿಗೆ ಈಕೋ ನಿಂತಿತ್ತು. ಅಕ್ಕನ ಮಗ ಏನೂ ಅನ್ನದೆ ಪೋರ್ಶೆಯನ್ನು ಹಿಂದಕ್ಕೆ ತೆಗೆದು ಮೋರಿ ಪಕ್ಕಕ್ಕೆ ನಿಲ್ಲಿಸಿ, ಕೀಯನ್ನು ತಂದು ಸಾಸಿವೆ ಡಬ್ಬಿಗೆ ಹಾಕಿದ.