ಗಾಡಿಯ ಜ್ವರವನ್ನು ಒಡೆಯನೇ ನೋಡಬೇಕು

ರೈತ ಬಾಂಧವರೇ, ಎತ್ತು ಮೇವು ಬಿಟ್ಟರೆ ನೀವು ಮೊದಲು ಅದರ ಕಿವಿ ಮುಟ್ಟಿ ನೋಡುತ್ತೀರಿ. ಮೈ ಬಿಸಿಯಾಗಿದ್ದರೆ ಅಂದು ನೊಗ ಹೂಡುವುದಿಲ್ಲ. ಆದರೆ ಸಾಲ ಮಾಡಿ ತಂದ ಪಿಕಪ್ ಗಾಡಿಯ ಹೊಟ್ಟೆಯಡಿ ಬಗ್ಗಿ ನೋಡುವವರು ಎಷ್ಟು ಮಂದಿ?

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿಗಳು ಹಳ್ಳಿಹಳ್ಳಿಗೂ ತಲುಪಿದವು. ಇಂದು ಹರಿಹರದ ಕಡೆಯ ಭತ್ತ, ಮೆಕ್ಕೆಜೋಳ ದಾವಣಗೆರೆ ಮಾರುಕಟ್ಟೆ ಸೇರುವುದೂ, ಪಿ.ಜೆ. ಬಡಾವಣೆಯ ಮನೆ ಬಾಗಿಲಿಗೆ ಸೊಪ್ಪು ತರಕಾರಿ ಬರುವುದೂ ಇಂಥ ಗಾಡಿಗಳಲ್ಲೇ. ಅವು ನಡುದಾರಿಯಲ್ಲಿ ನಿಂತರೆ ರಿಪೇರಿಯ ಖರ್ಚಷ್ಟೇ ಅಲ್ಲ, ಅಂದಿನ ಮಾರಾಟವೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದನ್ನೇ.

ಇಂಜಿನ್ ಬಿಸಿಯಾದರೆ ಮುಂದಿನ ಫಲಕದ ಮುಳ್ಳೋ ದೀಪವೋ ಎಚ್ಚರಿಸುತ್ತದೆ. ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಅಂಥ ಸೌಕರ್ಯವಿಲ್ಲ. ಅದು ಸದ್ದಿಲ್ಲದೆ ಕಾಯುತ್ತದೆ. ಸದ್ದು ಮಾಡುವ ವೇಳೆಗೆ ಹಲ್ಲು, ಬೇರಿಂಗು ಸವೆದಿರುತ್ತವೆ. ಎಣ್ಣೆಯ ಬಿಸಿ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದು ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ.

ಈ ಜ್ವರಕ್ಕೆ ಕಾರಣಗಳು ಹಲವು. ಮೊದಲನೆಯದು ಮಿತಿಮೀರಿದ ಹೇರು. 1,200 ಕಿಲೋ ಹೊರಬೇಕಾದ ಗಾಡಿಗೆ 50 ಕಿಲೋದ 40 ಚೀಲ ಹೇರಿದರೆ 2,000 ಕಿಲೋ ಆಯಿತು. ಒಂದು ಸುತ್ತಿನ ಡೀಸೆಲ್ ಉಳಿಸಲು ಹೋಗಿ ಗೇರ್‌ಬಾಕ್ಸನ್ನೇ ಒತ್ತೆಯಿಟ್ಟಂತೆ! ಎರಡನೆಯದು, ಪೇಟೆಯ ಸಂದಣಿಯಲ್ಲಿ ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುವ ಚಾಳಿ. ಇದರಿಂದ ಕ್ಲಚ್ ಜಾರಿ, ಕಾದು, ಪಕ್ಕದ ಗೇರ್‌ಬಾಕ್ಸನ್ನೂ ಕಾಯಿಸುತ್ತದೆ. ಮೂರನೆಯದು ಎಣ್ಣೆಯ ಕೊರತೆ. ಹೆಚ್ಚು ಸುರಿದರೂ ಕೇಡೇ. ಎಣ್ಣೆ ಕಡೆದು ಬಿಸಿಯೇರುತ್ತದೆ, ಸೀಲಿನಿಂದ ಸೋರುತ್ತದೆ.

ಹಾಗಾದರೆ ನೀವು ಮಾಡಬೇಕಾದದ್ದೇನು? ಇನ್‌ಫ್ರಾರೆಡ್ ಥರ್ಮಾಮೀಟರ್ ಎಂಬ ಪಿಸ್ತೂಲಿನಾಕಾರದ ಉಪಕರಣ ಈಗ ಸುಲಭವಾಗಿ ಸಿಗುತ್ತದೆ. ಗೇರ್‌ಬಾಕ್ಸಿನ ಹೊರಮೈಯಲ್ಲಿ ಒಂದು ಜಾಗ ಗುರುತಿಸಿ ಮಾಸಲು ಕಪ್ಪು ಬಣ್ಣ ಬಳಿಯಿರಿ. ಹೊಳೆಯುವ ಲೋಹದ ಮೇಲೆ ಈ ಉಪಕರಣ ತಪ್ಪು ತೋರಿಸುತ್ತದೆ. ಮಾಮೂಲಿ ಹೇರಿನೊಡನೆ ಮಾಮೂಲಿ ದಾರಿ ಓಡಿಸಿ, ನಿಲ್ಲಿಸಿದ ಕೂಡಲೇ ಅದೇ ಜಾಗದ ಬಿಸಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಹಿಂದಿನ ಅಚ್ಚಿನ ಡಿಫರೆನ್ಷಿಯಲ್ಲನ್ನೂ ಹಾಗೆಯೇ ಅಳೆಯಿರಿ. ಒಂದು ದಿನದ ಅಂಕಿಗೆ ಅರ್ಥವಿಲ್ಲ. ಬಿಸಿಲು, ದಾರಿ, ಹೇರು ಒಂದೇ ಇದ್ದೂ ಅಂಕಿ ಹದಿನೈದು ಇಪ್ಪತ್ತು ಡಿಗ್ರಿ ಏರಿದರೆ ಅದೇ ಜ್ವರ. ಬರಿಗೈಯಿಂದ ಮುಟ್ಟಿ ನೋಡುವುದು ಬೇಡ. ಹತ್ತಿರದಲ್ಲೇ ಸುಡುವ ಹೊಗೆ ಕೊಳವೆ ಇರುತ್ತದೆ.

ಎಣ್ಣೆಯ ಮಟ್ಟ ನೋಡಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಆರಲು ಬಿಡಿ. ಪಕ್ಕದ ಬಿರಡೆ ಬಿಚ್ಚಿದಾಗ ಎಣ್ಣೆ ಸಾಮಾನ್ಯವಾಗಿ ತೂತಿನ ಅಂಚಿಗೆ ಇರಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಬಂದರೆ ಆಯುಷ್ಯ ಮುಗಿದಿದೆ. ಲೋಹದ ಚೂರು ಕಂಡರೆ ಗಾಡಿ ಮೆಕ್ಯಾನಿಕ್ಕಿನ ಬಳಿಗೆ ಹೋಗಲಿ. ಎಣ್ಣೆಯನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಹಾಕಿರಿ. ಜಿಎಲ್-4 ಬೇಕಾದ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದರೆ ಒಳಗಿನ ಹಿತ್ತಾಳೆಯ ಉಂಗುರಗಳು ಕೆಡಬಹುದು. ತೆಗೆದ ಎಣ್ಣೆಯನ್ನು ಭದ್ರಾ ಕಾಲುವೆಗೋ ಹೊಲದ ಬದುವಿಗೋ ಚೆಲ್ಲದಿರಿ. ಆ ನೀರು, ಆ ಮಣ್ಣು ನಮ್ಮದೇ.

‘ಮೆಕ್ಯಾನಿಕ್ ಇರುವಾಗ ನಮಗೇಕೆ ಈ ಉಸಾಬರಿ?’ ಎನ್ನಬಹುದು. ಮೆಕ್ಯಾನಿಕ್ ಗಾಡಿಯನ್ನು ನೋಡುವುದು ಅದು ಕೆಟ್ಟ ದಿನ; ನೀವು ನೋಡುವುದು ದಿನಾಲೂ. ಗೇರ್‌ಬಾಕ್ಸ್ ಬಿಚ್ಚುವುದು ಅವನ ಕೆಲಸವೇ ಸರಿ. ಆದರೆ ಬಿಚ್ಚುವ ಪ್ರಸಂಗ ಬಾರದಂತೆ ಕಾಯುವುದು ಒಡೆಯನ ಕೆಲಸ. ಬರೆದಿಟ್ಟ ಲೆಕ್ಕ ಕೈಯಲ್ಲಿದ್ದರೆ ಬೇಡದ ರಿಪೇರಿಗೆ ತಲೆಯಾಡಿಸುವ ಅಗತ್ಯವೂ ಬೀಳದು.

ಯಂತ್ರವೆಂದರೆ ಬೆದರುವ ಸೀಮೆ ನಮ್ಮದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿತು, ಅಳೆದು ನೋಡಿ ಕೆಲಸ ಮಾಡುವ ಬುದ್ಧಿ ಮುಚ್ಚಿಹೋಗಬೇಕಿಲ್ಲ.

ಗಾಡಿ ಮಾರುವ ಕಂಪನಿಗಳು ಕನ್ನಡದಲ್ಲಿ ಸರಳ ಕೈಪಿಡಿ ಕೊಡಲಿ. ಗೇರ್‌ಬಾಕ್ಸಿನ ಬಿಸಿ ತೋರಿಸುವ ಒಂದು ದೀಪವನ್ನಾದರೂ ಇಡಲಿ. ಅಲ್ಲಿಯವರೆಗೆ ನಿಮ್ಮೂರಿನ ಸಹಕಾರ ಸಂಘದಲ್ಲಿ ಇಂಥ ಒಂದು ಥರ್ಮಾಮೀಟರ್ ಇರಲಿ. ಹತ್ತು ಗಾಡಿಗಳಿಗೆ ಒಂದು ಸಾಕು. ಮುಂದಿನ ಸಂಘದ ಸಭೆಯಲ್ಲಿ ಈ ಮಾತು ಎತ್ತಿರಿ.